ಮಕ್ಕಳ ಕೈಗೆ ನಾವು ಏನನ್ನು ಕೊಡುತ್ತಿದ್ದೇವೆ?

ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಮೊಂತಿ ಹಬ್ಬವೆಂದರೆ ಮಕ್ಕಳ ಹಬ್ಬವೂ ಹೌದು. ಆಗಸ್ಟ್ 30ರಿಂದ ಒಂಬತ್ತು ದಿನ ನಡೆಯುವ ನವೇನದಲ್ಲಿ ಪುಟ್ಟ ಮಕ್ಕಳು ಹೂಬುಟ್ಟಿ ಹಿಡಿದು ಇಗರ್ಜಿಗೆ ಬಂದು ಬಾಲೆ ಮರಿಯಳ ಪ್ರತಿಮೆಗೆ ಹೂವುಗಳನ್ನು ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಆಶೀರ್ವದಿಸಿದ ಹೊಸ ತೆನೆ ಮನೆಮನೆಗೆ ಬರುತ್ತದೆ. ಅದರ ಕಾಳುಗಳನ್ನು ಉಗುರಿನಿಂದ ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಾಗಿ ಸೇವಿಸುತ್ತಾರೆ. ಬೇಲಿಯ ಬದಿಯ ಹೂಗಳನ್ನು ಎಸಳು ಮುರಿಯದಂತೆ ಕೊಯ್ಯುವುದು, ತೊಟ್ಟು ಬಿಡಿಸುವುದು, ಕಾಳು ಸುಲಿಯುವುದು ಇವೆಲ್ಲ ಹಿಂದಿನಿಂದಲೂ ಮನೆಯ ಮಕ್ಕಳ ಪಾಲಿಗೆ ಬಂದ ಕೆಲಸಗಳು. ಅವು ಆ ಎಳೆಯ ಬೆರಳುಗಳಿಗೆ ಒಂದು ಶಾಲೆಯೂ ಆಗಿದ್ದವೆಂಬುದನ್ನು ಆಗ ಯಾರೂ ಆಲೋಚಿಸಿರಲಿಲ್ಲ.

ಈ ಸಂಪ್ರದಾಯ ಇಂದಿಗೂ ಉಳಿದು ಬಂದಿದೆ. ಆದರೆ ಇಗರ್ಜಿಯಿಂದ ಮರಳಿದ ಅದೇ ಮಗು ಬಟ್ಟೆ ಬದಲಾಯಿಸುವ ಮೊದಲೇ ಕೈ ಚಾಚುವುದು ಮೊಬೈಲಿನತ್ತ, ಇಲ್ಲವೇ ಟ್ಯಾಬ್ಲೆಟ್‌ನತ್ತ. ಎರಡು ವರ್ಷದ ಮಗುವೊಂದು ಅಜ್ಜಿಯ ತೊಡೆಯ ಮೇಲೆ ಕುಳಿತು ಚಿತ್ರಪುಸ್ತಕದ ಹಾಳೆಯ ಮೇಲೆ ಬೆರಳು ಜಾರಿಸಿ, ಚಿತ್ರ ಸರಿಯದಿದ್ದಾಗ 'ಇದು ಕೆಟ್ಟುಹೋಗಿದೆ' ಎಂಬಂತೆ ಅಜ್ಜಿಯ ಮುಖ ನೋಡಿದ್ದನ್ನು ನಾವು ಕಂಡಿದ್ದೇವೆ. ಆ ಕ್ಷಣ ಎಲ್ಲರೊಡನೆ ನಾವೂ ನಕ್ಕೆವು. ಅನಂತರ ಯೋಚನೆಗಿಟ್ಟುಕೊಂಡಿತು.

ಈಗ ಹೆತ್ತವರ ಮುಂದೆ ಹೊಸದೊಂದು ಪ್ರಶ್ನೆ ಬಂದಿದೆ. ಟ್ಯಾಬ್ಲೆಟ್ ಕೇವಲ ಹೊತ್ತು ಕಳೆಯುವ ವಸ್ತುವಲ್ಲ, ಮಗುವಿನ ಕೈಬೆರಳುಗಳ ನೈಪುಣ್ಯವನ್ನೇ ಅದು ಬೆಳೆಸುತ್ತದೆ ಎಂದು ಹೇಳಿಕೊಳ್ಳುವ ಆ್ಯಪ್‌ಗಳು ಹತ್ತಾರು ಬಂದಿವೆ. 'ಮಗು ಆಡುತ್ತಲೇ ಬರೆಯಲು ಕಲಿಯುತ್ತದಂತೆ' ಎಂಬ ಭರವಸೆಯಿಂದ ಅವನ್ನು ಇಳಿಸಿಕೊಳ್ಳುವ ತಾಯಂದಿರೂ ಇದ್ದಾರೆ. ಬಿಡುವಿಲ್ಲದ ದಿನದಲ್ಲಿ ಅಡುಗೆ ಮುಗಿಸಲು ಅರ್ಧ ಗಂಟೆ ಸಿಕ್ಕಿತಲ್ಲ ಎಂದು ಸಮಾಧಾನಪಡುವವರೂ ಇದ್ದಾರೆ. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಈ ಭರವಸೆಯಲ್ಲಿ ಹುರುಳೆಷ್ಟು ಎಂಬುದನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸುವುದಷ್ಟೇ ಈ ಲೇಖನದ ಆಶಯ.

ಕೈ ಬೆಳೆಯುವ ಬಗೆ

ನವಜಾತ ಶಿಶುವಿನ ಅಂಗೈಗೆ ನಮ್ಮ ಬೆರಳನ್ನು ತಾಗಿಸಿದರೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದು ಇಚ್ಛೆಯಿಂದ ಹಿಡಿದದ್ದಲ್ಲ, ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಒಂಬತ್ತು ಹತ್ತು ತಿಂಗಳ ಹೊತ್ತಿಗೆ ಮಗು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ನೆಲದ ಮೇಲಿನ ಅನ್ನದ ಅಗುಳನ್ನು ಹೆಕ್ಕತೊಡಗುತ್ತದೆ. ಮನೆಯವರು 'ಎಲ್ಲವನ್ನೂ ಬಾಯಿಗೆ ಹಾಕುತ್ತದೆ' ಎಂದು ಗಾಬರಿಪಡುವ ಈ ಘಟ್ಟವೇ ಮುಂದಿನ ಎಲ್ಲ ಕುಶಲಕಾರ್ಯಗಳ ಆರಂಭ. ಒಂದೂವರೆ ವರ್ಷದ ಮಗು ಬಣ್ಣದ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಗೀಚುತ್ತದೆ. ಸುಮಾರು ಮೂರನೆಯ ವರ್ಷಕ್ಕೆ ವೃತ್ತವನ್ನೂ, ನಾಲ್ಕನೆಯ ವರ್ಷಕ್ಕೆ ಶಿಲುಬೆಯಾಕಾರವನ್ನೂ, ಐದರ ಸುಮಾರಿಗೆ ಚೌಕವನ್ನೂ ನೋಡಿ ಬರೆಯಬಲ್ಲದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಈ ಮೂರರ ನಡುವೆ ಪೆನ್ಸಿಲನ್ನು ಸರಾಗವಾಗಿ ಆಡಿಸುವ ಹಿಡಿತ ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷಗಳ ನಡುವೆ ಕೂಡಿಬರುತ್ತದೆ.

ಇದಕ್ಕೆ ಶರೀರರಚನೆಯ ಕಾರಣವೂ ಇದೆ. ವಯಸ್ಕರ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಹುಟ್ಟುವಾಗ ಅವು ಇನ್ನೂ ಮೃದ್ವಸ್ಥಿಯ ರೂಪದಲ್ಲಿರುತ್ತವೆ. ವರ್ಷವರ್ಷಕ್ಕೆ ಒಂದೊಂದಾಗಿ ಗಟ್ಟಿಗೊಳ್ಳುತ್ತ, ಕೊನೆಯದು ಗಟ್ಟಿಯಾಗುವಾಗ ಮಗುವಿಗೆ ಒಂಬತ್ತು ದಾಟಿರುತ್ತದೆ. ಮೂರು ವರ್ಷದ ಮಗುವಿಗೆ ನಾಲ್ಕು ಗೆರೆಯ ಪುಸ್ತಕ ಕೊಟ್ಟು 'ದುಂಡಾಗಿ ಬರೆ' ಎಂದು ಗದರಿಸುವ ಹೆತ್ತವರೂ ಶಿಕ್ಷಕರೂ ಇದನ್ನು ನೆನಪಿಡಬೇಕು. ಭುಜ, ಮೊಣಕೈ, ಮಣಿಕಟ್ಟುಗಳು ಸ್ಥಿರಗೊಂಡ ಮೇಲೆಯೇ ಬೆರಳಿಗೆ ಸ್ವಾತಂತ್ರ್ಯ. ಆದುದರಿಂದ ಮರ ಹತ್ತಿ, ಮಣ್ಣು ತೋಡಿ, ಜೋಕಾಲಿಗೆ ಜೋತುಬೀಳುವ ಮಗುವೂ ಒಂದರ್ಥದಲ್ಲಿ ಬರೆಯಲು ಸಿದ್ಧವಾಗುತ್ತಿರುತ್ತದೆ.

ಗಾಜಿನ ಮೇಲೆ ನಡೆಯುವುದೇನು?

ಈಗ ಆ್ಯಪ್‌ಗಳ ಕಡೆ ನೋಡೋಣ. ಇವುಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಚುಕ್ಕಿಗಳ ಮೇಲೆ ಬೆರಳೆಳೆದು ಅಕ್ಷರ ಮೂಡಿಸುವುದು ಒಂದು. ತುಣುಕುಗಳನ್ನು ಎಳೆದು ತಂದು ಚಿತ್ರ ಜೋಡಿಸುವುದು, ಬಣ್ಣ ತುಂಬುವುದು ಎರಡನೆಯದು. ಬೆರಳುಗಳಿಗೇ ವ್ಯಾಯಾಮ ಕೊಡುವುದು ಮೂರನೆಯದು. ಡೆಕ್ಸ್ಟೀರಿಯಾ ಎಂಬ ಆ್ಯಪ್‌ನಲ್ಲಿ ಪರದೆಯ ಮೇಲಿನ ಏಡಿಗಳನ್ನು ಹೆಬ್ಬೆರಳು ತೋರುಬೆರಳುಗಳಿಂದ ಚಿವುಟಿ ಹಿಡಿಯುವ ಆಟವಿದೆ. ಇಂತಹವುಗಳನ್ನು ರೂಪಿಸಿದವರು ಮಗುವಿನ ಬೆಳವಣಿಗೆಯನ್ನು ಅರಿಯದವರೆಂದು ಹೇಳಲಾಗದು. ಮಗು ತಪ್ಪಿದರೆ ಗದರಿಸದೆ ಮತ್ತೆ ಅವಕಾಶ ಕೊಡುವ ತಾಳ್ಮೆ ಯಂತ್ರಕ್ಕಿದೆ, ಕೆಲವೊಮ್ಮೆ ನಮಗಿರುವುದಿಲ್ಲ.

ಆದರೆ ಏಡಿಯನ್ನು ಚಿವುಟಿದಾಗ ಮಗುವಿನ ಬೆರಳಿಗೆ ತಾಗುವುದು ಏಡಿಯಲ್ಲ, ಗಾಜು. ದೊಡ್ಡ ಏಡಿಗೂ ಸಣ್ಣದಕ್ಕೂ, ಕಲ್ಲಿಗೂ ಹತ್ತಿಗೂ ಅಲ್ಲಿ ಒಂದೇ ಸ್ಪರ್ಶ. ಭಾರವಿಲ್ಲ, ಒರಟುತನವಿಲ್ಲ, ಒತ್ತಿದರೆ ಎದುರೊತ್ತುವ ಬಲವಿಲ್ಲ. ನಿಜವಾದ ಪೆನ್ಸಿಲನ್ನು ಹೆಚ್ಚು ಒತ್ತಿದರೆ ಮೊನೆ ಮುರಿಯುತ್ತದೆ, ಕಡಿಮೆ ಒತ್ತಿದರೆ ಗೆರೆ ಮೂಡುವುದಿಲ್ಲ. ಈ ಎರಡರ ನಡುವಿನ ಹದವನ್ನು ಕೈ ತಾನಾಗಿಯೇ ಕಲಿಯುತ್ತದೆ. ಗಾಜಿನ ಮೇಲೆ ಆ ಹದದ ಅಗತ್ಯವೇ ಬರುವುದಿಲ್ಲ. ಮೇಲಾಗಿ ಬಹುತೇಕ ಆಟಗಳಿಗೆ ಸಾಕಾಗುವುದು ಒಂದೇ ತೋರುಬೆರಳು. ಮಿಕ್ಕ ನಾಲ್ಕು ಬೆರಳುಗಳೂ ಇನ್ನೊಂದು ಕೈಯೂ ಸುಮ್ಮನಿರುತ್ತವೆ. ಗುಂಡಿ ಹಾಕುವಾಗ, ಕತ್ತರಿಯಿಂದ ಕಾಗದ ಕತ್ತರಿಸುವಾಗ, ಬಾಳೆಹಣ್ಣು ಸುಲಿಯುವಾಗ ಎರಡು ಕೈಗಳೂ ಒಂದಕ್ಕೊಂದು ನೆರವಾಗಲೇಬೇಕು.

ಸಂಶೋಧಕರು ಕಂಡುಕೊಂಡದ್ದು

ಐಪ್ಯಾಡ್ ಮಾರುಕಟ್ಟೆಗೆ ಬಂದದ್ದು 2010ರಲ್ಲಿ. ಆ ಬಳಿಕ ನಡೆದ ಅಧ್ಯಯನಗಳು ಒಂದೇ ಸ್ವರದಲ್ಲಿ ಮಾತನಾಡುವುದಿಲ್ಲ. ಬ್ರಿಟನ್ನಿನಲ್ಲಿ 715 ಕುಟುಂಬಗಳಿಂದ ಮಾಹಿತಿ ಪಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪರದೆಯ ಮೇಲೆ ಬೇಗ ಬೆರಳಾಡಿಸಲು ಕಲಿತ ಪುಟಾಣಿಗಳು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವುದನ್ನೂ ಬೇಗ ಕಲಿತಿದ್ದರು. ಆದರೆ ಇದು ಕೇವಲ ಸಂಬಂಧವನ್ನು ತೋರಿಸುತ್ತದೆ. ಕೈಚಳಕವುಳ್ಳ ಮಗುವೇ ಪರದೆಯತ್ತಲೂ ಬೇಗ ಹೋಗಿರಬಹುದಲ್ಲವೆ? ನಡೆಯುವ ಮತ್ತು ಮಾತನಾಡುವ ವಿಷಯದಲ್ಲಿ ಇಂತಹ ಸಂಬಂಧವೇನೂ ಅಲ್ಲಿ ಕಂಡುಬರಲಿಲ್ಲ.

ಇದಕ್ಕೆ ಎದುರಾಗಿ ತೈವಾನಿನಲ್ಲಿ ಪುಟ್ಟ ಮಕ್ಕಳ ಎರಡು ಗುಂಪುಗಳನ್ನು 24 ವಾರಗಳ ಕಾಲ ಗಮನಿಸಿದ 2017ರ ಅಧ್ಯಯನ ಬೇರೆಯದೇ ಚಿತ್ರ ನೀಡಿತು. ಒಂದು ಗುಂಪು ಟ್ಯಾಬ್ಲೆಟ್‌ನಲ್ಲಿ ಆಡಿತು, ಇನ್ನೊಂದು ಗುಂಪು ಕೈಯಿಂದ ಮಾಡುವ ಆಟಗಳನ್ನು ಆಡಿತು. ಬೆರಳುಗಳ ನಿಖರತೆ, ಕಣ್ಣು ಕೈಗಳ ಹೊಂದಾಣಿಕೆ, ಕೈಚಳಕ ಈ ಮೂರರಲ್ಲೂ ಎರಡನೆಯ ಗುಂಪೇ ಹೆಚ್ಚು ಮುಂದುವರಿಯಿತು. ಆಸ್ಟ್ರೇಲಿಯದಲ್ಲಿ ಆಗತಾನೇ ಶಾಲೆ ಸೇರಿದ ಮಕ್ಕಳಿಗೆ, ಬಗೆಬಗೆಯ ಬೆರಳ ಚಲನೆಗಳನ್ನು ಬೇಡುವಂತಹ ಆ್ಯಪ್‌ಗಳನ್ನು ಆರಿಸಿ, ತರಗತಿಯಲ್ಲಿ ಮಿತವಾಗಿ ಬಳಸಿದಾಗ ಪ್ರಯೋಜನ ಕಂಡುಬಂದಿದೆ. ಇಲ್ಲಿ ಆಯ್ಕೆಯೂ ಮಿತಿಯೂ ಇದ್ದವೆಂಬುದನ್ನು ಗಮನಿಸಬೇಕು.

ಎಲ್ಲಕ್ಕಿಂತ ಯೋಚನೆಗೆ ಹಚ್ಚುವುದು ಅಮೆರಿಕದ ಇಂಡಿಯಾನ ವಿಶ್ವವಿದ್ಯಾನಿಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನ. ಇನ್ನೂ ಓದು ಬಾರದ ಐದು ವರ್ಷದ ಮಕ್ಕಳಿಂದ ಅಕ್ಷರಗಳನ್ನು ಮೂರು ರೀತಿಯಲ್ಲಿ ಬರೆಸಲಾಯಿತು: ಕೀಲಿ ಒತ್ತಿ, ಗುರುತಿನ ಮೇಲೆ ಗೆರೆ ಎಳೆದು, ಮತ್ತು ನೋಡಿಕೊಂಡು ಸ್ವತಂತ್ರವಾಗಿ ಕೈಯಿಂದ. ಬಳಿಕ ಆ ಅಕ್ಷರಗಳನ್ನು ತೋರಿಸಿ ಮಿದುಳಿನ ಚಿತ್ರ ತೆಗೆದಾಗ, ಸ್ವತಂತ್ರವಾಗಿ ಬರೆದ ಅಕ್ಷರಗಳಿಗೆ ಮಾತ್ರ ಓದಿಗೆ ಸಂಬಂಧಿಸಿದ ಭಾಗಗಳು ಚುರುಕಾಗಿ ಸ್ಪಂದಿಸಿದವು. ಚುಕ್ಕಿಗಳ ಮೇಲೆ ಬೆರಳೆಳೆಯುವ ಆ್ಯಪ್‌ಗಳನ್ನೇ ನಂಬಿಕೊಂಡವರು ಇದನ್ನು ಮನಸ್ಸಿಗೆ ತಂದುಕೊಳ್ಳುವುದೊಳ್ಳೆಯದು. ಸೊಟ್ಟಪಟ್ಟವಾದರೂ ತಾನೇ ಬರೆದ 'ಅ' ಮಗುವಿನ ಒಳಗೆ ಇಳಿಯುತ್ತದೆ.

ಮರಳಿನ ಪಾಠಶಾಲೆ

ಬೆರಳಿನಿಂದ ಬರೆದು ಕಲಿಯುವುದು ಟ್ಯಾಬ್ಲೆಟ್ ತಂದ ಹೊಸ ವಿಧಾನವೇನಲ್ಲ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮ್ ನಗರದ ಯಾತ್ರಿಕನು ಕೆಳದಿ ನಾಯಕರ ರಾಜಧಾನಿಯಾದ ಇಕ್ಕೇರಿಗೆ ಬಂದನು. ಆ ಪಯಣದಲ್ಲಿ ಗುಡಿಯೊಂದರ ಮೊಗಸಾಲೆಯಲ್ಲಿ ನಾಲ್ವರು ಬಾಲಕರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಲೆಕ್ಕವನ್ನು ರಾಗವಾಗಿ ಹಾಡಿಕೊಳ್ಳುತ್ತ, ಬೆರಳಿನಿಂದ ಬರೆಯುತ್ತಿದ್ದುದನ್ನು ಅವನು ಕಂಡು ಬೆರಗಾದನು. ನೆಲ ತುಂಬಿದಾಗ ಅಳಿಸಿ, ಮತ್ತೆ ಮರಳು ಹರಡಿ ಬರೆಯುತ್ತಿದ್ದರು. ಗುರು ಇಲ್ಲದಿದ್ದರೂ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರೆಂದು ಅವನು ತನ್ನ ಪತ್ರದಲ್ಲಿ ಬರೆದಿಟ್ಟಿದ್ದಾನೆ. ಅಳಿಸಿ ಬರೆಯುವ ಅನುಕೂಲ ಅಲ್ಲೂ ಇತ್ತು. ಜೊತೆಗೆ ಬೆರಳಿಗೆ ಮರಳಿನ ತಡೆ ಇತ್ತು, ಕಂಠದಲ್ಲಿ ರಾಗವಿತ್ತು, ಪಕ್ಕದಲ್ಲಿ ಗೆಳೆಯರಿದ್ದರು.

ಅದೇ ರೋಮ್ ನಗರದಲ್ಲಿ, 1907ರ ಜನವರಿ 6ರ ಮೂವರು ರಾಯರ ಹಬ್ಬದ ದಿನ, ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ವೈದ್ಯೆ ಮರಿಯ ಮಾಂಟೆಸ್ಸೋರಿಯವರು ಪುಟ್ಟ ಮಕ್ಕಳ ಮನೆಯೊಂದನ್ನು ತೆರೆದರು. ಕಥೋಲಿಕ ಶ್ರದ್ಧೆಯಲ್ಲಿ ಬೆಳೆದ ಈ ಮಹಿಳೆ ಕೈಯೇ ಬುದ್ಧಿಯ ಹೆಬ್ಬಾಗಿಲೆಂದು ಬಗೆದರು. ಮರಳುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳ ಮೇಲೆ ಮಗು ಬೆರಳಾಡಿಸಿ ಆಕಾರವನ್ನು ಅರಿಯುವಂತೆ ಮಾಡಿದರು. ಮೂರು ಬೆರಳಲ್ಲಿ ಹಿಡಿಯಬೇಕಾದ ಗುಬುಟುಗಳುಳ್ಳ ಮರದ ಕೊರಡುಗಳು, ಗುಂಡಿ ಹಾಕಿ ದಾರ ಕಟ್ಟಿ ಕಲಿಯುವ ಚೌಕಟ್ಟುಗಳು ಅವರ ಸಾಧನಗಳಾದವು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಅವರು ಯುದ್ಧದ ಕಾರಣದಿಂದ ವರ್ಷಗಟ್ಟಲೆ ನಮ್ಮ ದೇಶದಲ್ಲೇ ಉಳಿದು ಅಸಂಖ್ಯ ಶಿಕ್ಷಕರಿಗೆ ತರಬೇತಿ ನೀಡಿದರು. ಅವರ ಈ ಹಾದಿಯನ್ನೇ ಅನುಸರಿಸಿ 1954ರಲ್ಲಿ ರೋಮ್‌ನಲ್ಲಿ ಸೋಫಿಯಾ ಕವಲ್ಲೆತ್ತಿ ಮತ್ತು ಜಿಯಾನ್ನಾ ಗೊಬ್ಬಿ ಎಂಬ ಇಬ್ಬರು ಮಹಿಳೆಯರು 'ಒಳ್ಳೆಯ ಕುರುಬ'ನ ಹೆಸರಿನ ಧರ್ಮೋಪದೇಶ ಪದ್ಧತಿಯನ್ನು ಆರಂಭಿಸಿದರು. ಮೂರು ವರ್ಷದ ಮಕ್ಕಳು ಅಲ್ಲಿ ಪುಟ್ಟ ಪೀಠವನ್ನು ಸಜ್ಜುಗೊಳಿಸುತ್ತಾರೆ, ಮರದ ಕುರಿಗಳನ್ನು ಕೈಯಿಂದಲೇ ಎತ್ತಿ ಹಟ್ಟಿಯೊಳಗೆ ಸೇರಿಸುತ್ತಾರೆ. ದೇವರ ಪ್ರೀತಿಯೂ ಅವರಿಗೆ ಕೈಯ ಮೂಲಕವೇ ತಿಳಿಯುತ್ತದೆ.

ನಮ್ಮ ಮನೆಗಳಲ್ಲೇ ಇರುವ ಸಂಪತ್ತು

ಇಷ್ಟು ದೂರ ಹೋಗಬೇಕಾದ ಅಗತ್ಯವೂ ನಮಗಿಲ್ಲ. ಕ್ರಿಸ್ಮಸ್ ಹತ್ತಿರ ಬಂದಾಗ ಕುಸ್ವಾರ್ ತಯಾರಿಸುವ ಮನೆಯನ್ನು ನೆನೆದುಕೊಳ್ಳೋಣ. ಹಿಟ್ಟಿನ ಚಿಕ್ಕ ಉಂಡೆಯನ್ನು ಮುಳ್ಳುಚಮಚದ ಬೆನ್ನ ಮೇಲೋ, ತೊಳೆದಿಟ್ಟ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಮಾಡಿದರೆ ಕಿಡಿಯೊ. ಅಂಗೈಗಳ ನಡುವೆ ಗೋಲಿಯಷ್ಟು ಗಾತ್ರಕ್ಕೆ ಉರುಳಿಸಿದರೆ ಗುಳಿಯೊ. ಹೂರಣ ತುಂಬಿ ಅಂಚನ್ನು ಬೆರಳಿನಿಂದ ಒತ್ತಿ ಮುಚ್ಚಿದರೆ ನೆವ್ರಿ. ಬೆರಳುಗಳ ಬಲ, ಹದ, ಎರಡು ಕೈಗಳ ಹೊಂದಾಣಿಕೆ ಎಲ್ಲವೂ ಇದರಲ್ಲಿವೆ. ಅಜ್ಜಿಯ ಪಕ್ಕದಲ್ಲಿ ಕುಳಿತ ಮಗು ಮಾಡಿದ ಹತ್ತು ಕಿಡಿಯೊಗಳು ಹತ್ತು ಆಕಾರದಲ್ಲಿರಬಹುದು. ನೆರೆಮನೆಗೆ ಹೋಗುವ ತಟ್ಟೆಯಲ್ಲಿ ಅವಕ್ಕೂ ಸ್ಥಾನವಿರಲಿ. ಇಂದು ಕುಸ್ವಾರ್ ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತಿದೆ. ಅದರೊಡನೆ ನಾವು ಕಳೆದುಕೊಂಡದ್ದು ರುಚಿಯನ್ನು ಮಾತ್ರವಲ್ಲ.

ಉಡುಪಿ ಕಡೆಯ ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆಯುವ ಕಥೋಲಿಕ ಮನೆಗಳು ಅನೇಕ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಅಟ್ಟೆಗಳ ಲೆಕ್ಕದಲ್ಲಿ ಕಳುಹಿಸುವ ಆ ಮನೆಗಳ ಹಿರಿಯರ ಬೆರಳುಗಳ ವೇಗವನ್ನು ನೋಡಿದವರಿಗೆ ಕೈಬೆರಳ ನೈಪುಣ್ಯವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಅವರೂ ಬಾಲ್ಯದಲ್ಲಿ ಹೆತ್ತವರ ಪಕ್ಕದಲ್ಲಿ ಕುಳಿತೇ ಕಲಿತವರು.

ಇನ್ನು ಸಂಜೆಯ ಜಪಸರ. ಮಣಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಒಂದೊಂದು ಪ್ರಾರ್ಥನೆಗೂ ಒಂದೊಂದನ್ನು ಸರಿಸಿ, ಹತ್ತು ಮುಗಿದಾಗ ದೊಡ್ಡ ಮಣಿಯನ್ನು ಬೆರಳಿನಿಂದಲೇ ಗುರುತಿಸಬೇಕು. ನಾಲ್ಕು ವರ್ಷದ ಮಗು ಐವತ್ಮೂರು ನಮೋ ಮರಿಯ ಮುಗಿಯುವವರೆಗೆ ಕುಳಿತಿರಬೇಕೆಂದು ಒತ್ತಾಯಿಸುವುದು ಬೇಡ. ಒಂದು ದಶಕಕ್ಕೆ ಅದರ ಕೈಗೊಂದು ಮಣಿಸರ ಕೊಟ್ಟರೆ ಸಾಕು. ಸ್ಲೇಟು ಬಳಪ, ನೆನೆಸಿದ ಮಣ್ಣಿನ ಮುದ್ದೆ, ಚನ್ನಪಟ್ಟಣದ ಮರದ ಬುಗುರಿ, ಬಟಾಣಿ ಸುಲಿಯುವುದು, ಬಟ್ಟೆಗೆ ಕ್ಲಿಪ್ಪು ಹಾಕುವುದು, ಗೋದಲಿಗೆ ಕಾಗದದ ನಕ್ಷತ್ರ ಕತ್ತರಿಸುವುದು ಇವುಗಳಿಗೆಲ್ಲ ದುಡ್ಡಿನ ಖರ್ಚು ಬಹಳವಿಲ್ಲ. ಖರ್ಚಾಗುವುದು ನಮ್ಮ ಸಮಯ. ಕಷ್ಟವಿರುವುದೂ ಅಲ್ಲಿಯೇ.

ಬಳಸುವುದಾದರೆ ಹೇಗೆ?

ಹಾಗೆಂದು ಟ್ಯಾಬ್ಲೆಟನ್ನು ಮನೆಯಿಂದ ಹೊರಗಟ್ಟಬೇಕೆಂದು ನಾವು ಹೇಳುವುದಿಲ್ಲ. ಸೆರೆಬ್ರಲ್ ಪಾಲ್ಸಿಯಂತಹ ತೊಂದರೆಯಿಂದ ಪೆನ್ಸಿಲ್ ಹಿಡಿಯಲಾಗದ ಮಗುವಿಗೆ, ಮಾತು ಬಾರದ ಮಗುವಿಗೆ ಅದೊಂದು ವರದಾನವಾಗಬಲ್ಲದು. ಹಗುರವಾಗಿ ಮುಟ್ಟಿದರೂ ಚಿತ್ರ ಮೂಡುವುದರಿಂದ 'ನನ್ನಿಂದಲೂ ಆಗುತ್ತದೆ' ಎಂಬ ಧೈರ್ಯ ಅಂತಹ ಮಗುವಿಗೆ ಬರುತ್ತದೆ. ಆಕ್ಯುಪೇಶನಲ್ ಥೆರಪಿಸ್ಟ್‌ಗಳು ಇದನ್ನು ಸಾಧನವಾಗಿ ಬಳಸುವುದೂ ಉಂಟು. ಉಳಿದ ಮಕ್ಕಳ ವಿಷಯದಲ್ಲಿ ಮಿತಿ ಅಗತ್ಯ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಮಾರ್ಗಸೂಚಿಯಂತೆ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಉತ್ತಮ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯೂ ಬಹುಮಟ್ಟಿಗೆ ಇದೇ. ದೂರದ ಬಂಧುಗಳೊಡನೆ ವಿಡಿಯೋ ಕರೆಗೆ ಮಾತ್ರ ಅದು ಎಳೆಯ ಮಕ್ಕಳಿಗೂ ವಿನಾಯಿತಿ ನೀಡಿದೆ. ದುಬಾಯಿ, ಕುವೈತ್, ಮಸ್ಕತ್‌ಗಳಲ್ಲಿ ದುಡಿಯುವ ತಂದೆಯ ಮುಖವನ್ನು ಪರದೆಯಲ್ಲೇ ಕಂಡು ಬೆಳೆಯುವ ನಮ್ಮ ಮಕ್ಕಳ ಮಟ್ಟಿಗೆ ಈ ವಿನಾಯಿತಿ ಎಷ್ಟು ಮಾನವೀಯವೆಂದು ಹೇಳಬೇಕಾಗಿಲ್ಲ.

ಬಳಸುವಾಗ ಕೆಲವು ಎಚ್ಚರಿಕೆಗಳನ್ನು ಪಾಲಿಸಿದರೆ ಒಳ್ಳೆಯದು. ಮೊದಲನೆಯದಾಗಿ, ಮಗುವನ್ನು ಒಂಟಿಯಾಗಿ ಬಿಡದೆ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಎರಡನೆಯದಾಗಿ, ಸುಮ್ಮನೆ ಮುಟ್ಟಿದರೆ ಸಿಡಿದು ಮಿನುಗುವ ಆಟಗಳಿಗಿಂತ ಮಗು ತಾನೇ ಬರೆಯುವ, ಜೋಡಿಸುವ ಆ್ಯಪ್‌ಗಳನ್ನೇ ಆರಿಸಬೇಕು; ನಡುನಡುವೆ ಜಾಹೀರಾತು ಬರುವವು ಬೇಡ. ಮೂರನೆಯದಾಗಿ, ಬೆರಳಿಗೆ ಬದಲು ಗಿಡ್ಡವಾದ ದಪ್ಪ ಸ್ಟೈಲಸ್ ಕೊಟ್ಟರೆ ಮೂರು ಬೆರಳಿನ ಹಿಡಿತಕ್ಕೆ ಅಭ್ಯಾಸವಾಗುತ್ತದೆ. ಇದೇ ಕಾರಣದಿಂದ ತುಂಡಾದ ಬಣ್ಣದ ಕಡ್ಡಿಗಳನ್ನು ಎಸೆಯಬಾರದು. ಗಿಡ್ಡ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿಯಲಾಗದು. ನಾಲ್ಕನೆಯದಾಗಿ, ಪರದೆಯ ಮೇಲೆ ಮಾಡಿದ್ದನ್ನು ಕೂಡಲೇ ನೆಲದ ಮೇಲೆ ಮಾಡಿಸಬೇಕು: ಆ್ಯಪ್‌ನಲ್ಲಿ 'ಕ' ತಿದ್ದಿದ ಮಗು ತಟ್ಟೆಯ ರವೆಯಲ್ಲಿ 'ಕ' ಬರೆಯಲಿ. ಊಟದ ಹೊತ್ತಿಗೂ ಮಲಗುವ ಮುನ್ನವೂ ಟ್ಯಾಬ್ಲೆಟ್ ಬೇಡವೇ ಬೇಡ. ಪರದೆ ನೋಡುತ್ತ ಬಾಯಿ ತೆರೆಯುವ ಮಗು ತನ್ನ ಕೈಯಿಂದ ತುತ್ತು ಎತ್ತುವುದನ್ನೇ ಮರೆಯುತ್ತದೆ. ಐದು ವರ್ಷ ದಾಟಿದರೂ ಗುಂಡಿ ಹಾಕಲು ಬಾರದೆ, ಪೆನ್ಸಿಲ್ ಕಂಡರೆ ದೂರ ಸರಿಯುವ ಮಗುವಿದ್ದರೆ 'ಸೋಮಾರಿ' ಎಂದು ಹೀಯಾಳಿಸದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಧರ್ಮಸಭೆಯ ನಿಲುವೂ ತಂತ್ರಜ್ಞಾನಕ್ಕೆ ವಿರುದ್ಧವಾದುದಲ್ಲ. ದಿವಂಗತ ಪೋಪ್ ಫ್ರಾನ್ಸಿಸರು ಕುಟುಂಬ ಜೀವನದ ಕುರಿತು 2016ರಲ್ಲಿ ಹೊರಡಿಸಿದ 'ಅಮೋರಿಸ್ ಲೆತೀಸಿಯಾ' ಪತ್ರದಲ್ಲಿ ಮಕ್ಕಳಿಗೆ ಎಲೆಕ್ಟ್ರಾನಿಕ್ ಸಾಧನಗಳನ್ನು ನಿಷೇಧಿಸಿರೆಂದು ಹೇಳಲಿಲ್ಲ. ಯಂತ್ರದ ವೇಗವೇ ಬದುಕಿನ ಎಲ್ಲಕ್ಕೂ ಅನ್ವಯಿಸುತ್ತದೆಂದು ಮಕ್ಕಳು ಭ್ರಮಿಸದಂತೆ ಅವರನ್ನು ಬೆಳೆಸಬೇಕು, ಕಾಯುವುದನ್ನು ಕಲಿಸಬೇಕು ಎಂದರು. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೆಯ ಲಿಯೋ ಅವರು ಸಂತರೆಂದು ಘೋಷಿಸಿದ ಕಾರ್ಲೊ ಅಕುತಿಸ್ ಗಣಕಯಂತ್ರದಲ್ಲಿ ನಿಷ್ಣಾತನಾಗಿದ್ದ ಹುಡುಗ. ಆದರೂ ವಿಡಿಯೋ ಆಟಗಳಿಗೆ ವಾರಕ್ಕೊಂದು ಗಂಟೆಯ ಮಿತಿಯನ್ನು ತನಗೆ ತಾನೇ ಹಾಕಿಕೊಂಡಿದ್ದನೆಂದು ಅವನ ಚರಿತ್ರೆ ಹೇಳುತ್ತದೆ. ಯಂತ್ರ ಅವನ ಕೈಯಲ್ಲಿತ್ತು, ಅವನು ಯಂತ್ರದ ಕೈಯಲ್ಲಿರಲಿಲ್ಲ.

ನಮ್ಮ ಪ್ರಭು ಯೇಸು ನಜರೇತಿನಲ್ಲಿ ಜೋಸೆಫರ ಮರಗೆಲಸದ ಮನೆಯಲ್ಲಿ ಬೆಳೆದವರು. ಹುಟ್ಟುಕುರುಡನ ಕಣ್ಣಿಗೆ ಮಣ್ಣಿನ ಲೇಪ ಹಚ್ಚಿದ್ದೂ, ಮಕ್ಕಳ ತಲೆಯ ಮೇಲಿಟ್ಟು ಹರಸಿದ್ದೂ ಆ ಕೈಗಳೇ. ನಮ್ಮ ಮಕ್ಕಳ ಕೈಗಳೂ ನಾಳೆ ಯಾರ ಗಾಯವನ್ನೋ ಕಟ್ಟಬೇಕು, ಯಾರ ಕಣ್ಣೀರನ್ನೋ ಒರೆಸಬೇಕು, ಮುದಿಯಾದ ನಮ್ಮ ಕೈಯನ್ನು ಹಿಡಿದು ಇಗರ್ಜಿಯ ಮೆಟ್ಟಿಲು ಹತ್ತಿಸಬೇಕು.

ನಮ್ಮಲ್ಲಿ ಪ್ರತಿಯೊಬ್ಬರೂ ಶಿಲುಬೆಯ ಗುರುತನ್ನು ಕಲಿತದ್ದು ಹೇಗೆ? ತಾಯಿಯೋ ಅಜ್ಜಿಯೋ ನಮ್ಮ ಪುಟ್ಟ ಬಲಗೈಯನ್ನು ತನ್ನ ಕೈಯೊಳಗೆ ಹಿಡಿದು ಹಣೆಗೂ ಎದೆಗೂ ಭುಜಗಳಿಗೂ ಮುಟ್ಟಿಸಿದ್ದರಿಂದ. ನೂರು ಸಲ ತಪ್ಪಿದರೂ ಆಕೆ ಬೇಸರಿಸಲಿಲ್ಲ. ಇಂದು ಸಂಜೆ ಪ್ರಾರ್ಥನೆಗೆ ಕುಳಿತಾಗ ಮನೆಯ ಕಿರಿಯ ಮಗುವಿನ ಕೈಯನ್ನು ಹಾಗೆಯೇ ಹಿಡಿದುಕೊಳ್ಳೋಣ. ಅಷ್ಟು ಹೊತ್ತು ಟ್ಯಾಬ್ಲೆಟ್ ಕಪಾಟಿನೊಳಗಿರಲಿ, ನಮ್ಮ ಮೊಬೈಲೂ ಅದರ ಪಕ್ಕದಲ್ಲಿರಲಿ.